ಪಡಸಾಲೆಯ ಎರಡು ಎಂಜಿನ್ನುಗಳು

ನನಗೆ ಒಂಬತ್ತು ವರ್ಷವಿದ್ದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಎಂಜಿನ್ನುಗಳಿದ್ದವು. ಅಂಗಳದಲ್ಲಿ ನಿಂತ ಜೀಪಿನಲ್ಲಿ ಒಂದೂ ಇರಲಿಲ್ಲ. ನಮ್ಮ ಸಂಸಾರದ ಸ್ವಭಾವವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ನನ್ನಿಂದಾಗದು. ತಲೆಬಾಗಿಲು ದಾಟಿದರೆ ಎಡಗಡೆಯ ಕಂಬದ ಬುಡದಲ್ಲಿ, ಹಳೆಯ ಟೈರಿನ ಮೇಲೆ ಪದ್ಮಾಸನ ಹಾಕಿದಂತೆ ಕೂತಿದ್ದದ್ದು ತಾಂಡೂರಿನಿಂದ ಬಂದ ಡೀಸೆಲ್ ಎಂಜಿನ್ನು. ಬಲಗಡೆಯ ಕಂಬದ ಬುಡದಲ್ಲಿ, ಇನ್ನೊಂದು ಟೈರಿನ ಮೇಲೆ, ಜಹೀರಾಬಾದಿನಿಂದ ಬಂದ ಪೆಟ್ರೋಲ್ ಎಂಜಿನ್ನು. ಎರಡರ ನಡುವೆ ಆಯಿಯ ಮಂಚ. ಆಯಿ ಎಂದರೆ ಅಪ್ಪನ ತಾಯಿ, ನಮ್ಮ ಮನೆಯ ಕೊನೆಯ ನ್ಯಾಯಾಲಯ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಧರಿಸಿದ ಮೇಲೆ ಬೆರಳಿಗೆ ಉಳಿದದ್ದನ್ನು ಎರಡು ಎಂಜಿನ್ನುಗಳಿಗೂ ಸಮವಾಗಿ ಹಚ್ಚುತ್ತಿದ್ದಳು. ನ್ಯಾಯಾಧೀಶರಾದವರು ವಿಚಾರಣೆ ಮುಗಿಯುವ ತನಕ ಪಕ್ಷ ವಹಿಸಬಾರದು ಎಂಬುದು ಅವಳಿಗೆ ಯಾರೂ ಕಲಿಸದೆ ಬಂದ ವಿದ್ಯೆ.

ಜೀಪಿನ ಕತೆ ಹೇಳದೆ ಎಂಜಿನ್ನುಗಳ ಕತೆ ತಿಳಿಯುವುದಿಲ್ಲ. ಯಾವುದೋ ಸರ್ಕಾರಿ ಇಲಾಖೆ ಸಾಕುಮಾಡಿ ಹರಾಜಿಗಿಟ್ಟ ಜೀಪನ್ನು ಅಪ್ಪ ತಂದಿದ್ದರು. ಎರಡು ವರ್ಷ ಅದು ನಮ್ಮನ್ನು ರಾಯಿಕೋಡಿನ ಸಂತೆಗೂ, ನಾರಾಯಣಖೇಡದ ಮದುವೆಗಳಿಗೂ ಮುಟ್ಟಿಸಿತು. ಮೂರನೆಯ ವರ್ಷ ನ್ಯಾಲ್ಕಲ್ ದಾರಿಯಲ್ಲಿ ಒಂದು ಮಧ್ಯಾಹ್ನ ಭಾರಿ ಸದ್ದು ಮಾಡಿ, ಎಣ್ಣೆಯನ್ನೆಲ್ಲ ನೆಲಕ್ಕೆ ಧಾರೆಯೆರೆದು, ಎಂಜಿನ್ನು ಒಡೆದು ಲಿಂಗೈಕ್ಯವಾಯಿತು. ಎತ್ತಿನಿಂದ ಎಳೆಸಿ ತಂದ ಜೀಪು ಅಂಗಳದಲ್ಲಿ ಬಾಯಿ ತೆರೆದು ನಿಂತಿತು. ಕೋಳಿಗಳು ಬಾನೆಟ್ಟಿನೊಳಗೆ ಮೊಟ್ಟೆಯಿಡತೊಡಗಿದವು. ಹೀಗೇ ಇನ್ನೂ ನಾಲ್ಕು ವರ್ಷ ಇರುತ್ತಿತ್ತೇನೋ, ಆಯಿ ಬಾಯಿ ತೆರೆಯದಿದ್ದರೆ.

ನಮ್ಮ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಯ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಕಡಬು, ಹತ್ತಾರು ಕಾಳು ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಹುಳಿ ಬಂದ ಜೋಳದ ಅಂಬಲಿ, ಎಲ್ಲವನ್ನೂ ಹೊತ್ತು ಹೊಲಕ್ಕೆ ಹೋಗಬೇಕು. ಜೋಳದ ನಡುವೆ ಐದು ಕಲ್ಲಿಟ್ಟು ಪೂಜೆ ಮಾಡಬೇಕು. ಆಮೇಲೆ ಹೊಲದ ಸುತ್ತ ಪ್ರದಕ್ಷಿಣೆ ಬರುತ್ತ ಅಂಬಲಿ, ಅನ್ನ ಚೆಲ್ಲಿ ಭೂಮಿಗೆ ಉಣಿಸಬೇಕು. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಮದುವೆಯಾಗಿ ಬಂದ ವರ್ಷದಿಂದ ಆ ಐದು ಕಲ್ಲಿನ ಪೂಜೆ ಆಯಿಯದು. ಆದರೆ ಮೊಣಕಾಲು ಹಿಡಿದುಕೊಂಡು ಎರಡು ಅಮಾವಾಸ್ಯೆ ಅವಳು ಮಂಚದ ಮೇಲೆಯೇ ಕೂತು, ನಾವು ತಂದ ತಣ್ಣಗಿನ ಕಡಬು ತಿಂದಿದ್ದಳು. ಹೊಲಕ್ಕೆ ಹೋಗಲು ಮೊದಲು ಹಳ್ಳ ದಾಟಬೇಕು, ಅದಾದ ಮೇಲೆ ಒಂದು ಮೈಲಿ ಎರೆಭೂಮಿ. ಎತ್ತಿನ ಚಕ್ಕಡಿಯ ಕುಲುಕಾಟ ಅವಳ ಕಾಲಿಗೆ ಆಗದು. ಮೂರನೆಯ ವರ್ಷ ದೀಪಾವಳಿ ಮುಗಿದ ಮರುದಿನ, ಊಟದ ಹೊತ್ತಿಗೆ, ಅವಳು ತಾಟನ್ನು ಮುಂದಕ್ಕೆ ತಳ್ಳಿದಳು.

"ಈ ವರ್ಸ ನಾ ಹೊಲಕ್ಕ ಹೋಗಾಕಿ," ಎಂದಳು.

"ಹೋಗಮು ಅವ್ವಾ," ಎಂದರು ಅಪ್ಪ. "ಕುರ್ಚಿಗಿ ಎರಡು ಗಳ ಕಟ್ಟಿ, ನಾಲ್ಕು ಮಂದಿ ಹೆಗಲ ಮ್ಯಾಲ ಹೊತಗೊಂಡು..."

"ಕುಂತಕೊಂಡು ಹೆಗಲ ಮ್ಯಾಲ ಹೋಗೂದು ನಮ್ಮ ಮಂದ್ಯಾಗ ಒಮ್ಮೆ ಮಾತ್ರ. ಅದಕ್ಕಿನ್ನ ಯಾಳೆ ಅದ. ಗಾಲಿ ಮ್ಯಾಲ ಒಯ್ಯೂದಿದ್ರ ಹೇಳ್ರಿ, ಇಲ್ಲಾಂದ್ರ ಬಿಡ್ರಿ."

ನಮ್ಮವರು ಸತ್ತವರನ್ನು ಕೂರಿಸಿ, ಹೂವು ಕಟ್ಟಿ, ಹೆಗಲ ಮೇಲೆ ಒಯ್ಯುತ್ತಾರೆ. ಅಪ್ಪ ಮತ್ತು ಅವರ ತಮ್ಮ ಶರಣಪ್ಪ ಕಾಕಾ ಒಬ್ಬರ ಮುಖ ಒಬ್ಬರು ನೋಡಿದರು. ನೋಡಿದರು ಅಷ್ಟೆ, ಮಾತಾಡಲಿಲ್ಲ. ಮಾತಾಡಿದ್ದರೆ ಈ ಅಧ್ಯಾಯ ಹುಟ್ಟುತ್ತಿರಲಿಲ್ಲ. ಮುಂದಿನ ಗುರುವಾರ ಅಪ್ಪ ಯಾರಿಗೂ ಹೇಳದೆ ಜಹೀರಾಬಾದಿಗೆ ಹೋದರು. ಅದೇ ಗುರುವಾರ ಕಾಕಾ ಯಾರಿಗೂ ಹೇಳದೆ ತಾಂಡೂರಿಗೆ ಹೋದರು. ಸಂಜೆಗೆ ಎರಡು ಟೆಂಪೋಗಳು ಒಂದರ ಹಿಂದೆ ಒಂದು ನಮ್ಮ ಓಣಿಗೆ ಬಂದವು. ಎರಡರಲ್ಲೂ ಒಂದೊಂದು ಎಂಜಿನ್ನು. ತಾಯಿಯ ಮೇಲಿನ ಭಕ್ತಿಯಲ್ಲಿ ಅಣ್ಣತಮ್ಮಂದಿರು ಸರಿಸಮಾನರೆಂದು ಊರಿಗೆಲ್ಲ ಸಾಬೀತಾಯಿತು.

ಮರುದಿನದಿಂದ ಮನೆಯಲ್ಲಿ ಎರಡು ಪಂಥಗಳು. ಅಪ್ಪ ಪೆಟ್ರೋಲ್ ಪಂಥದ ಪೀಠಾಧಿಪತಿ. ಅವರ ಸಿದ್ಧಾಂತ ಸರಳ: ಜೀಪು ಹುಟ್ಟಿದ್ದೇ ಪೆಟ್ರೋಲ್ ಹೊಟ್ಟೆಯಿಂದ, ಇದು ಅದೇ ಜಾತಿಯ ಎಂಜಿನ್ನು, ಹಗುರ, ನಾಲ್ಕು ಬೋಲ್ಟಿಗೆ ಕೂತುಬಿಡುತ್ತದೆ. ಕಾಕಾ ಡೀಸೆಲ್ ಪಂಥ. ಅವರ ಎಂಜಿನ್ನು ತಾಂಡೂರಿನಲ್ಲಿ ಹಾಸುಗಲ್ಲು ಹೇರುತ್ತಿದ್ದ ಗಾಡಿಯದು. ಕಲ್ಲು ಎಳೆದವನಿಗೆ ಅವ್ವನನ್ನು ಎಳೆಯುವುದು ಯಾವ ಲೆಕ್ಕ ಎಂದು ಅವರು ಕೇಳುತ್ತಿದ್ದರು. ಹೋಲಿಕೆ ಆಯಿಗೆ ಹಿಡಿಸಲಿಲ್ಲ. ಅಡುಗೆಮನೆಯಲ್ಲಿ ನನ್ನ ಅವ್ವ ಗಂಡನ ಪಂಥಕ್ಕೆ, ಕಾಕಾನ ಹೆಂಡತಿ ಕಾಕು ತನ್ನ ಗಂಡನ ಪಂಥಕ್ಕೆ ಸೇರಬೇಕಿತ್ತು. ಆದರೆ ಪಡಸಾಲೆಯ ನೆಲಕ್ಕೆ ಇಳಿಯುತ್ತಿದ್ದ ಕಪ್ಪೆಣ್ಣೆ ದಿನಾ ಉಜ್ಜುವ ಕೆಲಸ ಇಬ್ಬರಿಗೂ ಬಿದ್ದಿದ್ದರಿಂದ ಅವರಿಬ್ಬರೂ ಚಕ್ಕಡಿ ಪಂಥ ಸೇರಿದರು. ಕೊಡಂಗಲ್ಲಿನ ಸೋದರಮಾವ ಬಂದಾಗ ಯಾವ ಕಂಬಕ್ಕೆ ಒರಗಿ ಕೂರುತ್ತಾನೆಂದು ಇಡೀ ಮನೆ ಉಸಿರು ಹಿಡಿದು ನೋಡಿತು. ಅವನು ವ್ಯವಹಾರಸ್ಥ. ಆಯಿಯ ಮಂಚದ ಕಾಲಬುಡದಲ್ಲಿ ಕೂತ.

ಊಟದ ಪಂಕ್ತಿಯಲ್ಲಿ ದಿನವೂ ಶಾಸ್ತ್ರಾರ್ಥ ನಡೆಯುತ್ತಿತ್ತು.

"ಅಣ್ಣಾ, ನಿನ್ನ ಪೆಟ್ರೋಲಿಗಿ ಕಿಡಿ ಬೇಕು. ಹಳ್ಳದಾಗ ನಾಲ್ಕು ಹನಿ ನೀರು ಬಿತ್ತಂದ್ರ ಕಿಡಿ ಖತಂ. ಡೀಸೆಲಿಗಿ ಕಿಡಿ ಹಂಗೇ ಇಲ್ಲ. ನೀರಾಗ ಎಮ್ಮಿ ಹೋದಂಗ ಹೋಗ್ತದ."

"ಎಮ್ಮಿ ಖರೇನೆ. ಆ ದಂಡಿಗಿ ಹತ್ತಿದ ಮ್ಯಾಲ ಎರೀ ಮಣ್ಣಿನಾಗ ಎಮ್ಮಿ ಮಲಗಿದ್ರ ಎಬ್ಬಸಾವ್ರು ಯಾರು? ನೀನಾ? ಮೂತಿ ಭಾರಾಗಿ ಹುಗದು ಕುಂತ್ರ ಮುಂದಿನ ಅಮಾಸಿಗಿ ಏಳ್ತದ."

"ರೊಟ್ಟಿ ತಿನ್ರಿ," ಎನ್ನುತ್ತಿದ್ದಳು ಆಯಿ. "ಎಂಜಿನ್ನಿಗಿಂತ ನಿಮ್ಮ ಸದ್ದೇ ಜಾಸ್ತಿ ಆತು."

ತೀರ್ಪಿಗೆ ತಜ್ಞರ ಸಾಕ್ಷ್ಯ ಬೇಕೆಂದು ಜಹೀರಾಬಾದಿನಿಂದ ಖಾಜಾ ಮಿಸ್ತ್ರಿಯನ್ನು ಕರೆಸಿದರು. ತೆಳ್ಳಗಿನ ಮನುಷ್ಯ, ಕಿವಿಯ ಸಂದಿಯಲ್ಲಿ ಸದಾ ಪೆನ್ಸಿಲು. ಅವನು ಎರಡು ಎಂಜಿನ್ನುಗಳ ನಡುವೆ ಕುಕ್ಕುರುಗಾಲಿನಲ್ಲಿ ಕೂತು, ಚಹಾ ಕುಡಿದು, ಹೊಲದ ದಾರಿಯನ್ನು ನಡೆದು ನೋಡಿ ಬಂದು, ಮತ್ತೆ ಚಹಾ ಕುಡಿದ.

"ಸಾವ್ಕಾರ್ರೆ, ಹಳ್ಳ ಕೇಳ್ತದ ಡೀಸೆಲ್ ಕೊಡು ಅಂತ. ಮಣ್ಣು ಕೇಳ್ತದ ಪೆಟ್ರೋಲ್ ಕೊಡು ಅಂತ. ದೋನೋ ಬರಾಬರ್ ಹೇಳ್ತಾವ. ನಾ ಏನ್ ಮಾಡ್ಲಿ?"

ಇಷ್ಟು ಹೇಳಿ ಅವನು ತಿಂಗಳೊಳಗೆ ಬರುವುದಾಗಿ ಹೊರಟ. ಹೊರಡುವ ಮುಂಚೆ, ಪೆಟ್ರೋಲ್ ಎಂಜಿನ್ನಿನ ಮುಂದೆ ಬಾಯಿ ತೆರೆದು ಕೂತಿದ್ದ ನನಗೆ ಒಂದು ಮಂತ್ರೋಪದೇಶ ಮಾಡಿದ. ಎಂಜಿನ್ನಿಗೆ ನಾಲ್ಕು ಹೊಟ್ಟೆ. ನಾಲ್ಕಕ್ಕೂ ಕಿಡಿ ಹಂಚಲು ಕರಿಯ ಮುಚ್ಚಳದ ಒಂದು ಡಬ್ಬಿ. ಅದಕ್ಕೆ ಅವನು ಡೆಲ್ಕೊ ಎನ್ನುತ್ತಿದ್ದ. ಮುಚ್ಚಳದಿಂದ ನಾಲ್ಕು ವಾಯರು ನಾಲ್ಕು ಹೊಟ್ಟೆಗೆ. ಮುಚ್ಚಳದ ಒಂದು ತೂತಿನ ಪಕ್ಕ ಕಾನಸಿನಿಂದ, ಅಂದರೆ ಅರದಿಂದ, ಗೀಚಿ ತೋರಿಸಿದ.

"ಲೈನಿನಾಗ ಉಣ್ಣಲ್ಲ ಇವು, ಬೇಟಿ. ಒಂದು, ಮೂರು, ನಾಲ್ಕು, ಎರಡು. ಹಿಂಗ ಉಣ್ತಾವ. ಒಂದನೇದು ಇಲ್ಲಿ, ನೋಡು, ಕಾನಸಿಂದ ಗೀಟು ಹಾಕೀನಿ. ಮರೀಬ್ಯಾಡ."

ಮನೆಯಲ್ಲಿ ಹಿರಿಯರಿಂದ ಕಿರಿಯರವರೆಗೆ ಸಾಲಾಗಿ ಉಣ್ಣುವ ಸಂಸಾರದಲ್ಲಿ ಬೆಳೆದ ನನಗೆ ಇದು ದಂಗುಬಡಿಸುವ ಸುದ್ದಿ. ಎರಡನೆಯವನು ಕೊನೆಗೆ ಉಣ್ಣುತ್ತಾನೆ, ಆದರೂ ಗಾಡಿ ಓಡುತ್ತದೆ. ಪಡಸಾಲೆಯ ಹಾಸುಗಲ್ಲಿನ ಮೇಲೆ ಇದ್ದಿಲಿನಿಂದ ನಾಲ್ಕು ಮನೆ ಗುಂಡಗೆ ಬರೆದು, ನಾನು ದಿನವಿಡೀ ಕುಂಟುತ್ತ ಸುತ್ತಿದೆ: ಒಂದು, ಮೂರು, ನಾಲ್ಕು, ಎರಡು. ಆಯಿ ಮಂಚದಿಂದ ಎಣಿಸುತ್ತಿದ್ದಳು, ತಪ್ಪಿದರೆ ಕೋಲಿನಿಂದ ನೆಲ ಕುಟ್ಟುತ್ತಿದ್ದಳು. ತಿಂಗಳಲ್ಲಿ ನಮ್ಮಿಬ್ಬರಿಗೂ ಅದು ಪಂಚಾಕ್ಷರಿಯಷ್ಟೇ ಬಾಯಿಪಾಠವಾಯಿತು.

ಅಮಾವಾಸ್ಯೆಗೆ ಎಂಟು ದಿನ ಇದೆ ಅನ್ನುವಾಗ ಮಿಸ್ತ್ರಿ ಬಂದ. ಪಂಥಗಳು ಇದ್ದಲ್ಲೇ ಇದ್ದವು. ಆಗ ಆಯಿ ತೀರ್ಪಿನ ವಿಧಾನ ಘೋಷಿಸಿದಳು.

"ಅಂಬಲಿ ಗಡಗಿ ಇಟ್ಟು ನೋಡ್ರಿ. ಯಾವುದು ಚೆಲ್ಲಂಗಿಲ್ಲ, ಅದ ನನ್ನ ಗಾಡಿ."

ಎಂಜಿನ್ ಬದಲಿಸುವ ವಿಚಾರದಲ್ಲಿ ಭೂಮಂಡಲದ ಯಾವ ಮಿಸ್ತ್ರಿಯೂ ಬಳಸಿರಲಾರದ ಈ ಪರೀಕ್ಷೆಗೆ ಮನೆಯ ಯಾರೂ ಚಕಾರ ಎತ್ತಲಿಲ್ಲ. ನಮ್ಮಲ್ಲಿ ಚಕ್ಕಡಿ ಕೊಳ್ಳುವಾಗಲೂ, ಹೊಸ ಎತ್ತು ಹೂಡುವಾಗಲೂ ಹೀಗೇ ನೋಡುತ್ತಿದ್ದರು. ಅಂಗಳದಲ್ಲಿ ಹಳೆಯ ಚಕ್ಕಡಿಯ ತೊಲೆಗಳ ಮೇಲೆ ಎಂಜಿನ್ನು ಬಿಗಿದು, ತೊಲೆಯ ಇನ್ನೊಂದು ತುದಿಗೆ ಹಲಗೆ ಹಾಕಿ, ಅಂಚಿನವರೆಗೆ ತುಂಬಿದ ಗಡಿಗೆ ಇಟ್ಟರು. ಮೊದಲು ಡೀಸೆಲ್. ಕಾಕಾ ತಾವೇ ಹ್ಯಾಂಡಲ್ ತಿರುವಿದರು. ಕರಿ ಹೊಗೆ ಎದ್ದು, ಕೋಳಿಗಳು ಮಾಳಿಗೆ ಏರಿ, ಗೋಡೆಯ ಗೂಡಿನಲ್ಲಿದ್ದ ಚಿಮಣಿಯ ಗಾಜು ಕಣಕಣ ಅಂದು, ಗಡಿಗೆಯಲ್ಲಿ ಅಂಬಲಿ ಅಲೆ ಅಲೆಯಾಗಿ ಏಳುತ್ತ ಮೂರು ಕಡೆಯಿಂದ ಇಳಿಯಿತು. ಕಾಕಾ ಅಂಬಲಿಯ ಕಡೆಗೆ ನೋಡಲಿಲ್ಲ, ಆಕಾಶ ನೋಡಿದರು. ಆಮೇಲೆ ಪೆಟ್ರೋಲ್. ಅಂಬಲಿ ನಿದ್ದೆಯಲ್ಲಿರುವ ಮಗುವಿನ ಹೊಟ್ಟೆಯಂತೆ ಮೆಲ್ಲಗೆ ಅಲುಗಿತು, ಒಂದು ಹನಿ ಹೊರಗೆ ಬರಲಿಲ್ಲ. ಅಪ್ಪ ಅವತ್ತು ಎರಡು ರೊಟ್ಟಿ ಹೆಚ್ಚು ಉಂಡರು. ನಾಲ್ಕು ದಿನದಲ್ಲಿ ಪೆಟ್ರೋಲ್ ಎಂಜಿನ್ನು ಜೀಪಿನೊಳಗೆ ಕೂತಿತು. ಮಿಸ್ತ್ರಿ ಹೋಗುವಾಗ ಒಂದು ಮಾತು ಹೇಳಿದ: ನೀರಿಗೆ ಇಳಿಯುವ ಮುಂಚೆ ಫ್ಯಾನು ತಿರುಗಿಸುವ ಪಟ್ಟಾ ತೆಗೆಯಿರಿ, ಇಲ್ಲವಾದರೆ ಫ್ಯಾನು ನೀರನ್ನೆಲ್ಲ ಎರಚುತ್ತದೆ. ಗೆದ್ದವರ ಕಿವಿಗೆ ಇಂಥ ಮಾತು ಬೀಳುವುದಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ, ಯಾವ ಪಂಚಾಂಗದಲ್ಲೂ ಇಲ್ಲದ ಮಳೆ ಬಂತು. ಹಬ್ಬದ ಬೆಳಿಗ್ಗೆ ಬಿಸಿಲು ಬಿತ್ತು, ಆದರೆ ಹಳ್ಳ ತೊಡೆಮಟ ಹರಿಯುತ್ತಿತ್ತು. ಆಯಿ ಆಗಲೇ ಇಳಕಲ್ ಸೀರೆಯುಟ್ಟು, ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಹಿಂದೆ ಅವ್ವ, ಕಾಕು, ನಾನು, ಕಾಕಾ, ಭಜ್ಜಿಯ ಪಾತೇಲಿ, ಅಂಬಲಿಯ ಗಡಿಗೆ, ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟು. ಅಪ್ಪ ಮೀಸೆ ತಿರುವಿ ಹಳ್ಳಕ್ಕೆ ಇಳಿಸಿದರು. ನಡುಹಳ್ಳದ ತನಕ ಜೀಪು ರಾಜಠೀವಿಯಿಂದ ಹೋಯಿತು. ಆಮೇಲೆ ಬಾನೆಟ್ಟಿನೊಳಗೆ ಚರ್ ಎಂದು ನೀರು ಎರಚಿದ ಸದ್ದು, ಎರಡು ಕೆಮ್ಮು, ಮೌನ. ಬರೀ ನೀರಿನ ಸದ್ದು. ಅಂಬಲಿ ಮಾತ್ರ ಚೆಲ್ಲಿರಲಿಲ್ಲ.

ಕಾಕಾ ಹಿಂದಿನಿಂದ ಬಹಳ ಮೃದುವಾಗಿ ಮಾತಾಡಿದರು.

"ಅಣ್ಣಾ, ಡೀಸೆಲ್ ಇದ್ದಿದ್ರ ಇಷ್ಟೊತ್ತಿಗಿ ಪೂಜಿ ಮುಗದಿರ್ತಿತ್ತು."

"ಇಳಿ ಕೆಳಗ, ನೂಕು," ಎಂದರು ಅಪ್ಪ.

ನೂಕಿದರೆ ಕೆಸರಿನಲ್ಲಿ ಗಾಲಿ ಅರ್ಧ ಗೇಣು ಇಳಿಯಿತೇ ಹೊರತು ಮುಂದೆ ಹೋಗಲಿಲ್ಲ. ದಂಡೆಯ ಮೇಲೆ ಬುತ್ತಿ ಹೊತ್ತ ಊರವರು ನೆರೆದರು. ನಾಲ್ಕು ಜನ ಗಟ್ಟಿಗರು ಧೋತರ ಕಚ್ಚೆ ಬಿಗಿದು ನೀರಿಗೆ ಇಳಿದು, "ಅಮ್ಮಾ, ಹೆಗಲ ಮ್ಯಾಲ ಕುಂದುರ್ರಿ, ಅತ್ಲಾಗ ಇಳಸ್ತೇವು" ಎಂದರು. ಭಕ್ತಿಯಿಂದಲೇ ಹೇಳಿದ್ದು. ಆಯಿ ಅವರ ಕಡೆ ತಿರುಗಲಿಲ್ಲ. ಮಡಿಲಲ್ಲಿದ್ದ ಪೂಜೆಯ ತಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

"ಹಿಂದಕ್ಕ ಒಯ್ರಿ ನನಗ ಮನಿಗಿ," ಎಂದಳು. "ಚಕ್ಕಡಿಗಿ ಹಗ್ಗ ಕಟ್ಟಿ ಎಳೀರಿ. ನನ್ನ ಹಣ್ಯಾಗ ಇಲ್ಲ, ಬಿಡ್ರಿ."

ಆಯಿ ಸೋತು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲ. ಅವರು ನೀರಿಗೆ ಧುಮುಕಿ, ಬಾನೆಟ್ಟು ತೆರೆದು, ಡೆಲ್ಕೊದ ಮುಚ್ಚಳ ಬಿಚ್ಚಿ, ಮುಚ್ಚಳದ ನಾಲ್ಕೂ ವಾಯರು ಒಂದೇ ಸಲಕ್ಕೆ ಕಿತ್ತರು. ಒರೆಸಬೇಕಲ್ಲ. ನೀರಿಗಿಳಿದ ಯಾರ ಮೈಮೇಲೂ ಒಣ ಬಟ್ಟೆಯಿಲ್ಲ. ಅವ್ವ ರೊಟ್ಟಿಯ ಗಂಟು ಬಿಚ್ಚಿ ಬಟ್ಟೆ ಕೊಟ್ಟಳು. ಸಜ್ಜೆ ಹಿಟ್ಟಿನ ವಾಸನೆಯ ಆ ಬಟ್ಟೆಯಿಂದ ಅಪ್ಪ ಮುಚ್ಚಳವನ್ನು ಕನ್ನಡಿಯಂತೆ ಒರೆಸಿದರು, ಮತ್ತೆ ಕೂರಿಸಿದರು. ಆಮೇಲೆ ಕೈಯಲ್ಲಿದ್ದ ನಾಲ್ಕು ವಾಯರು ನೋಡಿದರು. ಮುಚ್ಚಳದ ನಾಲ್ಕು ತೂತು ನೋಡಿದರು. ತಮ್ಮನ ಮುಖ ನೋಡಿದರು.

"ಯಾವುದು ಯಾವುದಕ್ಕ ಹೋಗ್ತದಪ್ಪಾ ಇದು?"

"ನನಗ್ಯಾಕ ಕೇಳ್ತಿ? ನಂದು ಡೀಸೆಲ್. ನನ್ನದಕ್ಕ ವಾಯರೇ ಇಲ್ಲ," ಎಂದರು ಕಾಕಾ. ಹಬ್ಬದ ದಿನ ಅಣ್ಣನಿಂದ ಏಟು ತಿನ್ನದೆ ಅವರು ಉಳಿದದ್ದು ಅಪ್ಪನ ಕೈಯಲ್ಲಿ ವಾಯರು ಇದ್ದದ್ದರಿಂದ.

ನಾನು ಎದ್ದು ನಿಂತೆ. ಧ್ವನಿ ಹೊರಡುವ ಮೊದಲೇ ಕಾಲು ಸೀಟು ದಾಟಿತ್ತು.

"ಅಪ್ಪಾ, ನನಗ ಬರ್ತದ."

ಯಾರಾದರೂ ಬೇಡವೆನ್ನುವ ಮುಂಚೆ ಆಯಿ ಕೋಲಿನಿಂದ ಜೀಪಿನ ತಗಡು ಕುಟ್ಟಿದಳು. "ಅಕಿಗಿ ಬಿಡ್ರಿ. ತಿಂಗಳತನ ಕುಂಟ್ಯಾಳ ನನ್ನ ಮುಂದ."

ಕಾಕಾ ನನ್ನನ್ನು ಎತ್ತಿ ಮಡ್‌ಗಾರ್ಡಿನ ಮೇಲೆ ಕೂರಿಸಿದರು. ಕಾನಸಿನ ಗೀಟು ಸಿಕ್ಕಿತು. ಎಲ್ಲಕ್ಕಿಂತ ಮುಂದಿನ, ಒಂದನೆಯ ಹೊಟ್ಟೆಯ ವಾಯರು ಅಲ್ಲಿಗೆ. ಆಮೇಲೆ ಪಡಸಾಲೆಯಲ್ಲಿ ಸುತ್ತಿದಂತೆಯೇ, ಗುಡಿಯಲ್ಲಿ ಸುತ್ತುವಂತೆಯೇ, ಬಲಕ್ಕೆ ಹೋಗುತ್ತ ಸಿಕ್ಕಿಸಿದೆ: ಮೂರು, ನಾಲ್ಕು, ಎರಡು. ಅಪ್ಪ ಸೆಲ್ಫ್ ಹೊಡೆದರು. ಮದ್ದು ಸಿಡಿದಂಥ ಸದ್ದು. ಬಾನೆಟ್ಟಿನೊಳಗಿಂದ ಬೆಂಕಿಯ ನಾಲಗೆಯೊಂದು ಹೊರಬಂದು ನನ್ನ ಲಂಗದ ಅಂಚು ಮುಟ್ಟಿ ಒಳಗೆ ಹೋಯಿತು. ಭಜ್ಜಿಯ ಪಾತೇಲಿಯ ಮುಚ್ಚಳ ಜಿಗಿದು ನೀರಿಗೆ ಬಿತ್ತು. ದಂಡೆಯ ಜನ ಎರಡು ಹೆಜ್ಜೆ ಹಿಂದೆ ಸರಿದರು. ಕಾಕು ಶಿವನಾಮ ಶುರುಮಾಡಿದಳು. ನನಗೆ ಅಳು ಬಂತು. ಮಂತ್ರ ಸರಿಯಿತ್ತು, ಒಂದಕ್ಷರ ತಪ್ಪಿರಲಿಲ್ಲ. ಹಾಗಾದರೆ ಏನು ತಪ್ಪಿತು?

ಆಯಿ ಮುಂದಿನ ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದಳು.

"ಗಂಗವ್ವಾ, ಹ್ಯಾಂಗ ಹಾಕಿದಿ?"

"ಪ್ರದಕ್ಷಿಣ ಹಾಕೀನಿ ಆಯಿ. ಬಲಕ್ಕ."

"ಬಲಕ್ಕ ಸುತ್ತೂದು ದೇವರಿಗಿ. ಇದೇನ್ ದೇವರಾ? ಎಡಕ್ಕ ಹಾಕಿ ನೋಡ."

ದಿನಾ ಬೆಳಿಗ್ಗೆ ಅದಕ್ಕೆ ವಿಭೂತಿ ಹಚ್ಚಿದವಳು ಈ ಮಾತು ಹೇಳಿದಳು. ಎಡಕ್ಕೆ ಸುತ್ತುವುದು ನಮ್ಮ ಮನೆಯಲ್ಲಿ ಸಾವಿನ ಕೆಲಸಕ್ಕೆ ಮಾತ್ರ. ಮಕ್ಕಳು ಆಟದಲ್ಲಿ ಸುತ್ತಿದರೂ ಬೈಗುಳ ಬೀಳುತ್ತಿತ್ತು. ಹಬ್ಬದ ದಿನ, ಹರಿಯುವ ನೀರಿನ ಮೇಲೆ, ಇಡೀ ಊರಿನ ಎದುರಿಗೆ ನಾನು ಅಪ್ರದಕ್ಷಿಣೆ ಹಾಕಲು ಕೈ ಚಾಚಿದೆ. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು, ಇವತ್ತಿಗೂ ನನಗೆ ಅದರ ಪುಳಕ ಆರಿಲ್ಲ. ಒಂದು ಇದ್ದಲ್ಲೇ ಇರುತ್ತದೆ. ನಾಲ್ಕು ಇದ್ದಲ್ಲೇ ಇರುತ್ತದೆ. ಇಡೀ ಸುತ್ತನ್ನು ತಿರುಗುಮುರುಗು ಮಾಡಲು ಮೂರನ್ನೂ ಎರಡನ್ನೂ ಅದಲುಬದಲು ಮಾಡಿದರೆ ಸಾಕು. ಅಷ್ಟು ದೊಡ್ಡ ಪಾಪಕ್ಕೆ ಎರಡೇ ವಾಯರು. ಬದಲಿಸಿದೆ. ಅಪ್ಪ ಕಣ್ಣು ಮುಚ್ಚಿ ಸೆಲ್ಫ್ ಹೊಡೆದರು. ಎಂಜಿನ್ನು ಒಮ್ಮೆ ಗೊಣಗಿ, ಇನ್ನೊಮ್ಮೆ ಸೀನಿ, ಹಿಡಿಯಿತು. ಹಳ್ಳದ ಎರಡೂ ದಂಡೆಗೆ ಕೇಳುವಂತೆ ಹಿಡಿಯಿತು. ಕಾಕಾ, ಆ ನಾಲ್ಕು ಜನ ಗಟ್ಟಿಗರು, ಎಲ್ಲ ಸೇರಿ ನೂಕಿದರು. ನಾನು ಮಡ್‌ಗಾರ್ಡ್ ತಬ್ಬಿಕೊಂಡೇ ದಂಡೆ ಏರಿದೆ. ಅಲ್ಲಿಂದ ಮುಂದೆ ಎರೆಮಣ್ಣು ಎಣ್ಣೆ ಹಚ್ಚಿದ ಹೆಂಚಿನಂತಿತ್ತು. ಹಗುರ ಎಂಜಿನ್ನಿನ ಜೀಪು ಹಾವಿನಂತೆ ಹೊರಳುತ್ತ, ಎಲ್ಲಿಯೂ ಹುಗಿಯದೆ, ಜೋಳದ ಅಂಚಿಗೆ ಹೋಗಿ ನಿಂತಿತು.

ಆಯಿ ಇಳಿದಳು. ಜೋಳ ಅವಳ ತಲೆಗಿಂತ ಎತ್ತರ ನಿಂತಿತ್ತು. ಒಂದು ತೆನೆಯನ್ನು ಬಗ್ಗಿಸಿ ಮೂಸಿದಳು. ಐದು ಕಲ್ಲು ಅವಳೇ ಆರಿಸಿದಳು, ಕೂರಿಸಿದಳು, ಪೂಜಿಸಿದಳು. ಮುಚ್ಚಳ ಕಳೆದುಕೊಂಡ ಭಜ್ಜಿಯನ್ನೂ, ಬಟ್ಟೆ ಕಳೆದುಕೊಂಡ ರೊಟ್ಟಿಯನ್ನೂ ಉಂಡು ಎಲ್ಲರೂ ಕೂತಾಗ ಕಾಕಾ ತಡೆಯಲಾರದೆ ಕೇಳಿದರು.

"ಈಗ ಹೇಳವ್ವಾ. ಪೆಟ್ರೋಲೋ, ಡೀಸೆಲೋ?"

ಅಪ್ಪ ಗೆಲುವಿನ ನಗೆ ತಡೆದು ಕೂತಿದ್ದರು. ಆಯಿ ಬೆರಳು ನೆಕ್ಕಿದಳು.

"ಡೀಸೆಲ್ ಹಾಕ್ರಿ."

"ಅವ್ವಾ, ಈಗ ಕರಕೊಂಡು ಬಂದಿದ್ದು ಪೆಟ್ರೋಲು," ಎಂದರು ಅಪ್ಪ.

"ಕರಕೊಂಡು ಬಂದಿದ್ದು ಇಕಿ. ಇಕಿ ಸಾಲಿಗಿ ಹೋಗಾಕಿ, ಓದಾಕಿ, ನಾಳಿ ಎಲ್ಲಿರ್ತಾಳೋ. ವರ್ಸಾ ವರ್ಸಾ ಹಳ್ಳದಾಗ ನಿಂದ್ರಾಕ ಇಕಿಗಿ ಎಲ್ಲಿಂದ ತರ್ತೀರಿ?"

ನನ್ನನ್ನು ಹೆಣ್ಣುಮಗು, ಮಾತು ಕಡಿಮೆಯವಳು, ಮೂರನೆಯ ಪಂಕ್ತಿಯಲ್ಲಿ ಉಣ್ಣುವವಳು ಎಂದಷ್ಟೇ ಬಲ್ಲ ಮನೆಯಲ್ಲಿ, ನಾನು ಓದುತ್ತೇನೆ ಎಂಬುದು ಹೀಗೆ ಎಂಜಿನ್ನಿನ ತೀರ್ಪಿನೊಳಗೆ ಸೇರಿಕೊಂಡು ಜಾರಿಗೆ ಬಂತು. ಆ ತೀರ್ಪಿನ ಮೇಲೆ ಯಾರೂ ಮೇಲ್ಮನವಿ ಹಾಕಲಿಲ್ಲ. ನಾರಾಯಣಖೇಡದ ಸಾಲೆ, ಆಮೇಲೆ ಜಹೀರಾಬಾದಿನ ಕಾಲೇಜು, ಕೊನೆಗೆ ಮಕ್ಕಳಿಗೆ ಗಣಿತ ಕಲಿಸುವ ನೌಕರಿ. ಎಲ್ಲದಕ್ಕೂ ನಾನು ಆ ಹಳ್ಳವನ್ನೇ ದಾಟಿ ಹೋದೆ. ಡೀಸೆಲ್ ಎಂಜಿನ್ನು ಕೂತಿತು. ಅಪ್ಪ ಹೇಳಿದಂತೆಯೇ ಅದರ ಮೂತಿ ಭಾರ. ಎರೆಮಣ್ಣಿನಲ್ಲಿ ಸಮತೂಕಕ್ಕೆಂದು ಮನೆಯ ಮಕ್ಕಳನ್ನೆಲ್ಲ ಹಿಂದೆ ತುಂಬುತ್ತಿದ್ದರು. ಸಂಸಾರದಲ್ಲಿ ನನ್ನ ತೂಕ ಇಷ್ಟೆಂದು ನನಗೆ ಖಚಿತವಾಗಿ ತಿಳಿದದ್ದು ಹಾಗೆ. ಆಯಿ ಆಮೇಲೆ ಹನ್ನೊಂದು ಅಮಾವಾಸ್ಯೆ ಗಾಲಿಯ ಮೇಲೆ ಹೊಲಕ್ಕೆ ಹೋದಳು, ಪ್ರತಿ ಸಲವೂ ಅಂಬಲಿ ಚೆಲ್ಲಿತೆಂದು ಡೀಸೆಲನ್ನು ಬೈಯುತ್ತ.

ಹನ್ನೆರಡನೆಯ ಸಲ ಹೆಗಲ ಮೇಲೆ ಹೋದಳು, ಕೂತುಕೊಂಡು, ಹೂವಿನ ನಡುವೆ. ಅಪ್ಪ, ಕಾಕಾ ಮುಂದಿನ ಗಳಗಳಿಗೆ ಹೆಗಲು ಕೊಟ್ಟಿದ್ದರು. ಹಳ್ಳದಲ್ಲಿ ನೀರು ತೊಡೆಮಟ ಇತ್ತು. ಖಾಲಿ ಜೀಪು ಹಿಂದೆ ಹಿಂದೆ ಬಂತು. ಅವಳು ಐದು ಕಲ್ಲಿಡುತ್ತಿದ್ದ ಜಾಗದ ಪಕ್ಕದಲ್ಲೇ ಅವಳ ಗದ್ದುಗೆ. ಈಗಲೂ ಎಳ್ಳ ಅಮಾವಾಸ್ಯೆಗೆ ಎಲ್ಲಿದ್ದರೂ ಬಂದು ಅದಕ್ಕೆ ಮೂರು ಸುತ್ತು ಬಲಕ್ಕೆ ಹಾಕುತ್ತೇನೆ. ಆಮೇಲೆ ಎಲ್ಲರೂ ಊಟಕ್ಕೆ ಕೂತ ಹೊತ್ತು ನೋಡಿ ಒಂದು ಸುತ್ತು ಎಡಕ್ಕೆ.